ತಿರುವಿಗೆ ಕಾಲಿಡದ ಹಳಿಮೇಸ್ತ್ರಿ

ಆ ನಡಿಗೆಯನ್ನು ಮೊದಲ ಸಲ ನೋಡಿದವರು ನಗದೆ ಇರಲಾರರು. ರೈಲು ನಿಂತು, ಹಳಿ ಕಿತ್ತು, ಅದರಡಿಯ ಅಡ್ಡಮರದ ಸ್ಲೀಪರುಗಳೆಲ್ಲ ಯಾರ್ಯಾರದೋ ಒಲೆ ಸೇರಿ, ಆ ಜಾಗದಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಊರಿಂದೂರಿಗೆ ನುಣ್ಣನೆಯ ವಿಹಾರದಾರಿಯಾಗಿದ್ದರೂ, ಹಳಿಮೇಸ್ತ್ರಿಯ ಪಾದಗಳು ಮಾತ್ರ ಇಲ್ಲದ ಸ್ಲೀಪರುಗಳನ್ನು ಹುಡುಕಿ ಹುಡುಕಿ ಗಿಡ್ಡ ಹೆಜ್ಜೆ ಇಡುತ್ತವೆ. ಮೈಮೇಲೆ ರೈಲ್ವೆ ಕೆಲಸದ ಕಾಲದ, ಮೊಣಕೈ ಸವೆದ ಅದೇ ನೀಲಿ ಕೋಟು. ಮಿಲ್ಲಿನ ಕಾಂಪೌಂಡು ಎದುರಾದಲ್ಲಿ ದಾರಿ ಎಡಕ್ಕೆ ಬಾಗಿ, ಗೋಡೆ ಸುತ್ತಿ ಮುಂದೆ ಹೋಗುತ್ತದೆ, ಮೇಸ್ತ್ರಿ ಹೋಗುವುದಿಲ್ಲ. ನೆಟ್ಟಗೆ ಗೋಡೆಯ ತನಕ ನಡೆದು, ಅಂಗೈಯಿಂದ ಅದನ್ನೊಮ್ಮೆ ತಟ್ಟಿ, ಮನೆಗೆ ತಿರುಗುತ್ತಾರೆ.

ಈ ದಾರಿ ಆದದ್ದೇ ಅವರಿಂದ. ಪಾಳುಬಿದ್ದ ರೈಲುದಾರಿಯನ್ನು ಅಕ್ಕಪಕ್ಕದವರು ಬೇಲಿ ಸರಿಸಿ ಸರಿಸಿ ನುಂಗುತ್ತಿದ್ದ ಕಾಲದಲ್ಲಿ, ಮನೆಮನೆಯ ಬಾಗಿಲು ಬಡಿದು, ಬೈಸಿಕೊಂಡು, ನಾಯಿಯಿಂದ ಕಚ್ಚಿಸಿಕೊಂಡು, "ಹಳಿ ಹೋದ್ರೂ ಗೆರೆ ಹೋಗಬಾರದು ಕಣ್ರೀ" ಎಂದು ಜಪ ಮಾಡಿದವರು. ಒತ್ತುವರಿ ತೆಗೆಸಲು ಅಧಿಕಾರಿಗಳು ಹಿಂದೆಮುಂದೆ ನೋಡಿದಾಗ, "ಮೊದಲು ನನ್ನ ತಮ್ಮಂದೇ ಒಡೀರಿ. ಆಮೇಲೆ ಯಾರು ಬಾಯಿ ತೆಗೀತಾರೆ ನೋಡೋಣ" ಎಂದರು.

ತಮ್ಮನದು ಗೆರೆಯೊಳಗೆ ಕಾಲು ಚಾಚಿದ್ದ ತಗಡಿನ ಸೈಕಲ್ ರಿಪೇರಿ ಅಂಗಡಿ. ಗಾಳಿ ಹಾಕುವ ಪಂಪನ್ನು ಎದೆಗವಚಿಕೊಂಡು ಆತ ಕೇಳಿದ: "ಅಲ್ಲಣ್ಣ, ಸೈಕಲ್ ದಾರಿ ಮಾಡೋಕೆ ಸೈಕಲ್ ಅಂಗಡೀನೇ ಬಲಿ ಬೇಕಿತ್ತಾ ನಿಂಗೆ?"

ನೆರೆದವರು ನಕ್ಕರು. ಅಣ್ಣ ನಗಲಿಲ್ಲ. ತಗಡು ಉರುಳಿತು.

ಅದಾದ ಮೇಲೆ ಯಾರೂ ಬಾಯಿ ತೆಗೆಯಲಿಲ್ಲ, ನಿಜ. ಮಿಲ್ಲಿನ ಧಣಿಯೂ ತೆಗೆಯಲಿಲ್ಲ. ತೆಗೆಯುವ ಅಗತ್ಯವೇ ಬೀಳಲಿಲ್ಲ. ರೈಲುದಾರಿಯ ಮೇಲೇ ಎದ್ದು ನಿಂತಿದ್ದ ಧಣಿಯ ಗೋಡೆ ಎದುರಾದದ್ದೇ ತಡ, ದಾರಿಯ ನಕ್ಷೆ ತಾನಾಗಿ ಸೊಂಟ ಬಳುಕಿಸಿತು. ಉದ್ಘಾಟನೆಯ ದಿನ ಮೇಸ್ತ್ರಿಗೆ ಮುಂದಿನ ಸಾಲಿನ ಕುರ್ಚಿ. ತಮ್ಮ ಆಗಲೇ ಗಂಟುಮೂಟೆ ಕಟ್ಟಿ ಹೆಂಡತಿಯ ತವರಿಗೆ ಹೊರಟುಹೋಗಿದ್ದ. ಮತ್ತೆ ಬರಲಿಲ್ಲ.

ಈಗ ಗಾಳಿ ಹೋದ ಸೈಕಲ್ ತಳ್ಳಿಕೊಂಡು ಬರುವವರು ಮೇಸ್ತ್ರಿಯನ್ನೇ ಕೇಳುತ್ತಾರೆ: "ಯಜಮಾನ್ರೇ, ಇಲ್ಲೆಲ್ಲಾದ್ರೂ ಪಂಕ್ಚರ್ ಹಾಕ್ತಾರಾ?"

"ಹಾಕ್ತಿದ್ದ" ಎಂದಷ್ಟೇ ಉತ್ತರ.

ಒಮ್ಮೆ ಜೊತೆಗೆ ಹೋಗಿದ್ದ ನಾನು ಗೋಡೆಯ ಬಳಿ ರೇಗಿಸಿದೆ: "ಸುತ್ತಿ ಹೋದ್ರೆ ಸವೆದು ಹೋಗ್ತೀರಾ ಮೇಸ್ತ್ರಿ? ಬನ್ನಿ."

ಅಂಗೈಗೆ ಹತ್ತಿದ ಸುಣ್ಣವನ್ನು ಕೋಟಿಗೆ ಒರೆಸಿಕೊಂಡು ಅವರೆಂದರು: "ಇಲ್ಲಿ ಸುತ್ತಬಹುದು ಅಂತಾದ್ರೆ, ಅಲ್ಲೂ ಸುತ್ತಬಹುದಿತ್ತಲ್ಲಪ್ಪ."

ನ್ಯಾಯನಿಷ್ಠರ ಕುಲವೇ ಇಂಥದು. ಅವರ ಕತ್ತಿಗೆ ಮೊದಲು ಸಿಗುವುದು ಮಗ್ಗುಲಲ್ಲಿರುವ ಕೊರಳು. ದೂರದ ಕೊರಳಿನ ಸರದಿ ಬರುವ ಹೊತ್ತಿಗೆ ಕತ್ತಿ ಬೇರೆಯವರ ಕೈ ಸೇರಿರುತ್ತದೆ. ಆಮೇಲೆ ಅವರು ಹಾಕಿಕೊಟ್ಟ ದಾರಿಯಲ್ಲಿ ಲೋಕವೆಲ್ಲ ಬೇಕಾದಲ್ಲಿ ಬಾಗಿ, ಬಳುಕಿ, ಹಾಡಿಕೊಂಡು ಸಾಗುತ್ತದೆ. ಅವರಿಗೆ ಉಳಿಯುವುದು ಗೋಡೆಯ ತನಕದ ದಾರಿ.