ಕಿವಿಯ ಹಿಂದೆ ನಿಂತ ಫೋಕಸ್

ಅತ್ತೆ ತಾವಾಗಿಯೇ ಬಂದು "ನನ್ನದೊಂದು ಫೋಟೋ ತೆಗಿ" ಎಂದಾಗ ಸೊಸೆಯ ಎದೆ ಧಸಕ್ಕೆಂದಿತು. ಈ ಮನೆಗೆ ಬಂದಾಗಿನಿಂದ ಆ ಹೆಂಗಸಿನ ಒಂದೇ ಒಂದು ನೆಟ್ಟಗಿನ ಫೋಟೋ ತೆಗೆಯಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಕ್ಯಾಮೆರಾ ಕಂಡರೆ ಸಾಕು, ಅತ್ತೆ ಹೊಲಿಗೆ ಮಿಷನ್ನಿನಲ್ಲಿ ತುರ್ತು ಕೆಲಸ ನೆನಪಾದವರಂತೆ ತಲೆ ಬಗ್ಗಿಸಿಬಿಡುತ್ತಿದ್ದರು. ಮನೆಯ ಆಲ್ಬಮ್ಮಿನಲ್ಲಿ ಅವರ ನೆತ್ತಿ ಬೇಕಾದಷ್ಟಿದೆ, ಮುಖ ಮಾತ್ರ ಇಲ್ಲ.

ಈಗ ತಾವೇ ಕೇಳಲು ಕಾರಣವಿತ್ತು. ಅವರ ಎಡಗೆನ್ನೆಯೊಳಗೆ ಒಂದು ಗಡ್ಡೆ ಬೆಳೆದಿತ್ತು. ಕೆಟ್ಟ ಗಡ್ಡೆಯಲ್ಲ ಎಂದು ಪರೀಕ್ಷೆಯಲ್ಲಿ ಗೊತ್ತಾಗಿ ಮನೆಮಂದಿಯೆಲ್ಲ ನಿರಾಳರಾಗಿದ್ದರು. ಆದರೆ ಹಾಗೇ ಬಿಡುವಂತಿರಲಿಲ್ಲ. ತೆಗೆಯುವಾಗ ನರಕ್ಕೆ ಪೆಟ್ಟಾದರೆ ಮುಖ ಒಂದು ಬದಿಗೆ ವಾಲಬಹುದು ಎಂದೂ ಡಾಕ್ಟರಮ್ಮ ಹೇಳಿದ್ದರು. ಆಪರೇಷನ್ ಮುಂದಿನ ವಾರ.

"ಅದಕ್ಕೆ ಮುಂಚೆ ನನ್ನ ಮುಖ ಇದ್ದದ್ದು ಇದ್ದ ಹಾಗೆ ಬರಬೇಕು. ಒಂದೊಂದು ಗೆರೆನೂ ಕಾಣಬೇಕು" ಎಂದರು ಅತ್ತೆ.

ಯಾಕೆಂದು ಸೊಸೆ ಕೇಳಲಿಲ್ಲ. ನಾಳೆ ಹೆಚ್ಚುಕಮ್ಮಿಯಾದರೆ ಗೋಡೆಗೆ ಹಾಕುವ ಫೋಟೋ ಎಂದು ತಾನೇ ಊಹಿಸಿಕೊಂಡು, ಅಡುಗೆಮನೆಗೆ ಹೋಗಿ ಒಂದಿಷ್ಟು ಅತ್ತು, ಮುಖ ತೊಳೆದುಕೊಂಡು ಬಂದಳು. ಬಾಯಿಬಿಟ್ಟು ಕೇಳಿದ್ದರೆ ಆ ಅಳು ತಪ್ಪುತ್ತಿತ್ತು. ಆದರೆ ಕೇಳಿ ತಿಳಿದುಕೊಳ್ಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಫೋಟೋ ತೆಗೆಯುವುದು ಅವಳ ಕಸುಬು. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಹಳೆಯ ಕ್ಯಾಮೆರಾ, ಅದಕ್ಕೊಂದು ಒಳ್ಳೆಯ ಲೆನ್ಸು, ಎದುರು ಬೀದಿಯ ಬ್ಯೂಟಿ ಪಾರ್ಲರಿನಾಕೆ ಎಂಬ ಒಬ್ಬಳೇ ಕಾಯಂ ಗಿರಾಕಿ, ಇಷ್ಟು ಅವಳ ಬಂಡವಾಳ. ಕಿಟಕಿಯ ಪಕ್ಕ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದಳು. ಕಣ್ಣಿಗೇ ಫೋಕಸ್ ಇಟ್ಟು ಬಗೆಬಗೆಯಾಗಿ ತೆಗೆದಳು. ಆಮೇಲೆ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು.

ಅತ್ತೆಯ ಕಿವಿಯ ಹಿಂದಿನ ನರೆಗೂದಲು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಒಂದೊಂದೇ ಎಳೆ ಬಿಡಿಸಿ ಎಣಿಸಬಹುದಿತ್ತು. ಕಣ್ಣು, ಕೆನ್ನೆ, ತುಟಿ ಎಲ್ಲ ಮಂಜು ಮಂಜು.

ಅತ್ತೆ ಕನ್ನಡಕ ಏರಿಸಿ ನೋಡಿದರು. "ನನ್ನ ಕೂದಲಿಗಲ್ಲಮ್ಮ ಆಪರೇಷನ್, ಮುಖಕ್ಕೆ."

ಸೊಸೆ ನಾಚಿಕೆಯಿಂದ ಹಿಡಿಯಷ್ಟಾದಳು. ಅತ್ತೆ ಮುಂದಕ್ಕೆ ಬಾಗಿರಬೇಕು ಎಂದುಕೊಂಡು ಮತ್ತೆ ತೆಗೆದಳು. ಮತ್ತೆ ಅದೇ ಕಥೆ. ಅನುಮಾನ ಬಂದು ಪಾರ್ಲರಿಗೆಂದು ತೆಗೆದ ಹಳೆಯ ಫೋಟೋಗಳನ್ನೆಲ್ಲ ತೆರೆದು ನೋಡಿದಳು. ಒಂದರಲ್ಲಾದರೂ ಕಣ್ಣು ಸ್ಪಷ್ಟವಾಗಿರಬೇಕಲ್ಲ? ಇಲ್ಲ. ಜಡೆ, ಗುಂಗುರು, ಬಣ್ಣ ಹಾಕಿದ ಎಳೆಗಳು ಮಾತ್ರ ಫಳಫಳ ಹೊಳೆಯುತ್ತಿದ್ದವು. "ನಿನ್ನ ಹಾಗೆ ಕೂದಲು ತೆಗೆಯೋರು ಯಾರೂ ಇಲ್ಲ ಕಣೇ" ಎಂದು ಪಾರ್ಲರಿನಾಕೆ ಹೊಗಳಿದಾಗಲೆಲ್ಲ ಇವಳು ಉಬ್ಬಿಹೋಗಿದ್ದಳು. ಆ ಹೊಗಳಿಕೆ ಸಲ್ಲಬೇಕಾದದ್ದು ಕ್ಯಾಮೆರಾದ ರೋಗಕ್ಕೆ. ಕಣ್ಣಿಗೆ ಎಂದು ಹೇಳಿದರೆ ಅದು ಮೂರು ಬೆರಳು ಹಿಂದಕ್ಕೆ ಹೋಗಿ ನಿಲ್ಲುತ್ತಿತ್ತು. ಗಿರಾಕಿಗೆ ಕೂದಲೇ ಬೇಕಿದ್ದರಿಂದ ಇಷ್ಟು ಕಾಲ ಯಾರಿಗೂ ಗೊತ್ತೇ ಆಗಿರಲಿಲ್ಲ.

ರಿಪೇರಿ ಅಂಗಡಿಗೆ ಫೋನು ಮಾಡಿದಳು. ಕ್ಯಾಮೆರಾ ಬಿಟ್ಟುಹೋಗಿ, ತಿಂಗಳಾಗಬಹುದು ಎಂದರು. ಕೆಲಸಕ್ಕೆ ಹೊರಟಿದ್ದ ಗಂಡ ಬೂಟಿನ ಲೇಸು ಕಟ್ಟುತ್ತಾ ಮೊಬೈಲಲ್ಲಿ ತೆಗೆಯಬಾರದೇ ಎಂದ.

"ಮೊಬೈಲಲ್ಲಿ ಎಲ್ಲರೂ ಬೆಳ್ಳಗೆ ನುಣ್ಣಗೆ ಬರ್ತಾರೆ. ಅದು ನಾನಲ್ಲ" ಎಂದು ಅತ್ತೆ ಅಲ್ಲಿಗೇ ಕತ್ತರಿ ಹಾಕಿದರು. ಮಗ ಬಾಗಿಲು ಎಳೆದುಕೊಂಡು ಹೋದ.

ಇನ್ನು ಉಳಿದದ್ದು ತಾನೇ ಸರಿಮಾಡುವುದು. ಸೊಸೆ ಕ್ಯಾಮೆರಾದ ಪುಸ್ತಕ ಓದಿದಳು, ಕಂಪ್ಯೂಟರಿನಲ್ಲಿ ಹುಡುಕಿದಳು. ಹಿಂದಿನ ಪರದೆ ನೋಡಿಕೊಂಡು ಫೋಕಸ್ ಮಾಡಿದರೆ ಎಲ್ಲವೂ ಸರಿ ಬರುತ್ತಿತ್ತು. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಮಾಡಿದರೆ ಮಾತ್ರ ಹಿಂದಕ್ಕೆ ಹೋಗುತ್ತಿತ್ತು. ಅಂದರೆ ಲೆನ್ಸು ಕೆಟ್ಟಿರಲಿಲ್ಲ, ಅದಕ್ಕೂ ಕ್ಯಾಮೆರಾಕ್ಕೂ ಮಾತುಕತೆ ಸರಿಯಿರಲಿಲ್ಲ. ಹಾಗಾದರೆ ಪರದೆಯಲ್ಲೇ ತೆಗೆಯಬಹುದಿತ್ತಲ್ಲ ಎಂದರೆ, ಆ ಮುದಿ ಕ್ಯಾಮೆರಾ ಪರದೆಯ ಮೇಲೆ ಫೋಕಸ್ ಹುಡುಕಿ ಮುಗಿಸುವಷ್ಟರಲ್ಲಿ ಅತ್ತೆ ಎದ್ದುಹೋಗಿ ಒಂದು ಅಂಚು ಹೊಲಿದು ಬಂದಿರುತ್ತಿದ್ದರು.

ಮೆನುವಿನ ಮೂಲೆಯಲ್ಲಿ ಇದಕ್ಕೆಂದೇ ಒಂದು ತಿದ್ದುಪಡಿ ಇತ್ತು. ಮೈನಸ್ಸಿಗೆ ಸರಿಸಿದರೆ ಫೋಕಸ್ ಮುಂದಕ್ಕೆ, ಪ್ಲಸ್ಸಿಗೆ ಸರಿಸಿದರೆ ಹಿಂದಕ್ಕೆ. ಎಷ್ಟು ಸರಿಸಬೇಕೆಂದು ಅಳೆಯಲು ಓರೆಯಾಗಿ ಮಲಗಿಸಿದ ಒಂದು ಅಳತೆಪಟ್ಟಿ ಬೇಕು.

"ಓರೆಯಾಗಿ ತಾನೆ? ಇಲ್ಲಿ ಬಾ" ಎಂದರು ಅತ್ತೆ.

ಹೊಲಿಗೆ ಮೂಲೆಯಲ್ಲಿ ಬಟ್ಟೆ ಕತ್ತರಿಸುವ ಹಲಗೆಯ ಒಂದು ತುದಿಗೆ ದಾರದ ಡಬ್ಬಿ ಕೊಟ್ಟು ಎತ್ತರಿಸಿದರು. ಅದರ ಮೇಲೆ ಉದ್ದಕ್ಕೂ ತಮ್ಮ ಅಳತೆಯ ಟೇಪು ಅಂಟಿಸಿದರು, ಒಂದಿಷ್ಟೂ ಸುಕ್ಕಿಲ್ಲದಂತೆ, ದೊಡ್ಡ ಅಂಕಿಗಳು ಹಿಂದಕ್ಕೆ ಬರುವಂತೆ. ಪಕ್ಕದಲ್ಲಿ, ಮೂವತ್ತರ ಅಂಕಿಗೆ ಸರಿಯಾಗಿ, ರಟ್ಟಿಗೆ ಅಂಟಿಸಿದ ಚೌಕಳಿ ಬಟ್ಟೆಯ ತುಂಡು ನೆಟ್ಟಗೆ ನಿಂತಿತು. ಸೊಸೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ ಚೌಕಳಿಗೆ ಫೋಕಸ್ ಮಾಡಿ ಒತ್ತಿದಳು. ಅತ್ತೆ ಫೋಟೋ ಹಿಗ್ಗಿಸಿ ಓದಿದರು.

"ಮೂವತ್ತು ಮಸುಕು. ಮೂವತ್ತಾರು ಚೆನ್ನಾಗಿದೆ."

ಮೈನಸ್ಸಿಗೆ ಸ್ವಲ್ಪ ಸರಿಸಿ, ಫೋಕಸ್ಸನ್ನು ಕೈಯಾರೆ ಕೆಡಿಸಿ, ಮತ್ತೆ ಹಿಡಿಸಿ ತೆಗೆದಳು. ಮೂವತ್ತನಾಲ್ಕಾಯಿತು. ಇನ್ನಷ್ಟು ಸರಿಸಿದಳು. ಹೊತ್ತು ಮುಳುಗಿತು, ಮಿಷನ್ನಿನ ಹಳದಿ ದೀಪ ಹಾಕಿಕೊಂಡು ಮತ್ತೆ ಮೊದಲಿನಿಂದ ನೋಡುತ್ತಾ ಬಂದರು. ಕೊನೆಗೆ ಅತ್ತೆ "ಮೂವತ್ತು" ಎಂದಾಗ ಇಬ್ಬರೂ ಕೈಕೈ ತಟ್ಟಿದರು. ಇಷ್ಟು ವರ್ಷದಲ್ಲಿ ಅವರಿಬ್ಬರೂ ಒಂದೇ ಕೆಲಸಕ್ಕೆ ಕೂತದ್ದು ಅದೇ ಮೊದಲು. ಸೊಸೆಗೆ ಅದು ಹಿತವಾಗಿತ್ತು, ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಬೆಳಿಗ್ಗೆ ಕಿಟಕಿಯ ಬಳಿ ತೆಗೆದು ನೋಡಿದರೆ, ಈಗ ಮೂಗಿನ ತುದಿ ಸ್ಪಷ್ಟ, ಕಣ್ಣು ಮಸುಕು.

ಸೊಸೆ ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. "ನನ್ನ ಕೈಲಿ ಆಗಲ್ಲ ಅತ್ತೆ. ಬೇರೆ ಯಾರ ಹತ್ರನಾದ್ರೂ ತೆಗೆಸಿ." ಈ ಒಂದು ಮುಖವನ್ನು ಹಿಡಿಯಲಾಗದಿದ್ದರೆ ತಾನು ಎಂಥ ಫೋಟೋದವಳು ಎಂದು ಅವಳಿಗೆ ಅನ್ನಿಸಿತ್ತು.

ಅತ್ತೆ ಸಮಾಧಾನ ಹೇಳುವ ಜಾತಿಯವರಲ್ಲ. ಮೂಗಿನ ಫೋಟೋ ನೋಡುತ್ತಾ ಇದ್ದವರು, ಹೊಲಿಗೆ ಮೂಲೆಯ ಕಡೆ ತಿರುಗಿ ತಮ್ಮ ಹಣೆ ತಾವೇ ತಟ್ಟಿಕೊಂಡರು.

"ದೀಪದ ಬೆಳಕಲ್ಲಿ ದಾರದ ಬಣ್ಣ ಆರಿಸಿದ ಹಾಗಾಯ್ತಲ್ಲ ಇದು. ನಾನು ಯಾವತ್ತೂ ಬಟ್ಟೆನ ಬಾಗಿಲಾಚೆ ತಗೊಂಡು ಹೋಗಿ ನೋಡೋಳು. ನಿನ್ನೆ ನನ್ನ ಬುದ್ಧಿ ಎಲ್ಲಿ ಹೋಗಿತ್ತೋ. ನಿನ್ನ ಕ್ಯಾಮೆರಾಗೂ ಹಳದಿ ಬೆಳಕು ಬೇರೆ, ಬಿಸಿಲು ಬೇರೆ ಇರಬಹುದು."

ಸೊಸೆ ಪುಸ್ತಕ ತಿರುವಿ ನೋಡಿದಳು. ಯಾವ ಬೆಳಕಿನಲ್ಲಿ, ಎಷ್ಟು ದೂರದಿಂದ ತೆಗೆಯುತ್ತೀರೋ ಅದರಲ್ಲೇ ಸರಿಮಾಡಿ ಎಂದು ಬರೆದಿತ್ತು. ಅವಸರದಲ್ಲಿ ಅವಳು ಆ ಸಾಲು ಹಾರಿಸಿದ್ದಳು. ಹಲಗೆ, ಡಬ್ಬಿ, ಟೇಪು, ಚೌಕಳಿ ಬಟ್ಟೆ ಎಲ್ಲವೂ ಕಿಟಕಿಗೆ ಮೆರವಣಿಗೆ ಹೊರಟವು. ಅತ್ತೆಯ ಮುಖವಿದ್ದ ಜಾಗದಲ್ಲೇ ಹಲಗೆ ಕೂತಿತು. ಈ ಸಲ ಮೈನಸ್ಸು ಅರ್ಧದಷ್ಟೇ ಸಾಕಾಯಿತು. ಒಮ್ಮೆ ಬಂದದ್ದನ್ನು ನಂಬದೆ ಮತ್ತೆ ಮತ್ತೆ ತೆಗೆದು ನೋಡಿದರು. ಮೂವತ್ತು, ಮೂವತ್ತು, ಮೂವತ್ತು ಎಂದು ಅತ್ತೆ ಓದುತ್ತಲೇ ಇದ್ದರು.

ಆಮೇಲೆ ಹಲಗೆ ಸರಿಸಿ ತಾವು ಕೂತರು. ಸೊಸೆ ಒತ್ತಿದಳು.

ಕಂಪ್ಯೂಟರಿನ ಪರದೆಯ ತುಂಬ ಅತ್ತೆ ಬಂದರು. ರೆಪ್ಪೆಯ ಕೂದಲು, ಕಣ್ಣಿನಲ್ಲಿ ಮೂಡಿದ ಕಿಟಕಿ, ದಾರ ಕಚ್ಚಿ ಕಚ್ಚಿ ತುಟಿಯ ಪಕ್ಕ ಬಿದ್ದ ಗೆರೆ, ಗಡ್ಡೆಯ ಸಣ್ಣ ಉಬ್ಬು, ಎಲ್ಲವೂ ಇದ್ದವು. ಚೆಂದದ ಮುಖ ಎಂದು ಸೊಸೆಗೆ ಅನ್ನಿಸಿತು, ಈ ಸಲ ಅವಳು ಅದನ್ನು ಹೇಳಿಯೂ ಬಿಟ್ಟಳು.

"ಚೆಂದ ಗಿಂದ ಬಿಡು, ಸರಿಯಾಗಿದೆಯಾ ಹೇಳು" ಎಂದರು ಅತ್ತೆ. ಆದರೆ ಬಹಳ ಹೊತ್ತು ಪರದೆಯ ಮುಂದಿನಿಂದ ಏಳಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಡಾಕ್ಟರಮ್ಮನನ್ನು ಕಾಣಲು ಇಬ್ಬರೂ ಆಸ್ಪತ್ರೆಗೆ ಹೋದರು. ಅಲ್ಲಿಂದ ನೇರವಾಗಿ ಪಾರ್ಲರಿಗೆ ಹೋಗಬೇಕಿದ್ದರಿಂದ ಸೊಸೆಯ ಹೆಗಲಲ್ಲಿ ಕ್ಯಾಮೆರಾ ಇತ್ತು. ಅತ್ತೆ ಚೀಲದಿಂದ ಫೋಟೋದ ಪ್ರಿಂಟು ತೆಗೆದು ಮೇಜಿನ ಮೇಲಿಟ್ಟು, ಹೊಲಿಸಲು ಬಂದ ಗಿರಾಕಿಗಳು ತಮ್ಮೆದುರು ಬಟ್ಟೆಯ ಗಂಟು ಸರಿಸುವಂತೆ ಡಾಕ್ಟರಮ್ಮನ ಮುಂದೆ ಸರಿಸಿದರು.

"ಇದು ಅಳತೆಗೆ ಡಾಕ್ಟರೇ. ನಮ್ಮ ಕಡೆ ಹೊಲಿಸೋಕೆ ಬರೋರು ಅಳತೆಗೊಂದು ಹಳೇ ಬಟ್ಟೆ ತರ್ತಾರೆ, ಇಲ್ದಿದ್ರೆ ನಾನು ಕತ್ತರಿ ಮುಟ್ಟಲ್ಲ. ನೀವೂ ಇದನ್ನ ನೋಡ್ಕೊಂಡು ಹೊಲೀರಿ."

ತಾನು ಅಡುಗೆಮನೆಯಲ್ಲಿ ಅತ್ತದ್ದು ಸೊಸೆಗೆ ನೆನಪಾಯಿತು. ಗೋಡೆಯೂ ಇಲ್ಲ, ಮಣ್ಣೂ ಇಲ್ಲ. ಈ ಹೆಂಗಸು ತಮ್ಮ ಮುಖವನ್ನು ವಾಪಸು ತೆಗೆದುಕೊಂಡು ಹೋಗಲು ಬಂದಿದ್ದರು.

ಡಾಕ್ಟರಮ್ಮ ನಗಲಿಲ್ಲ. ಪ್ರಿಂಟನ್ನು ಬೆಳಕಿಗೆ ಹಿಡಿದು ಕೆನ್ನೆಯ ಗೆರೆಗಳನ್ನು ಒಂದೊಂದಾಗಿ ನೋಡಿದರು. "ಇದು ತುಂಬಾ ಉಪಯೋಗಕ್ಕೆ ಬರುತ್ತೆ. ನಗುವಾಗಿಂದು ಒಂದು ಇದ್ದಿದ್ರೆ ಇನ್ನೂ ಒಳ್ಳೇದಿತ್ತು. ನಕ್ಕಾಗ ಗೆರೆ ಬೀಳೋ ಜಾಗದಲ್ಲೇ ಹೊಲಿಗೆ ಹಾಕಿದ್ರೆ ಆಮೇಲೆ ಕಾಣೋದಿಲ್ಲ."

"ಮಡಿಕೆಯೊಳಗೆ ಹೊಲಿಗೆ" ಎಂದು ಅತ್ತೆ ತಲೆದೂಗಿದರು, ಕಸುಬು ಬಲ್ಲವರೊಬ್ಬರು ಸಿಕ್ಕ ಸಂತೋಷದಲ್ಲಿ. ಸೊಸೆಯ ಕಡೆ ತಿರುಗಿ ಕುರ್ಚಿಯನ್ನು ಕಿಟಕಿಯತ್ತ ಎಳೆದುಕೊಂಡರು. "ತೆಗಿಯಮ್ಮ. ಏನಾದ್ರೂ ಹೇಳಿ ನಗ್ಸು."

"ನೀವು ಹೊಲಿದ ನನ್ನ ಮೊದಲನೇ ಬಟ್ಟೆ ನೆನಪಿದೆಯಾ ಅತ್ತೆ? ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ಹೇಳೋಕೆ ಹೆದರಿ ವರ್ಷವಿಡೀ ತೋಳು ಮಡಚಿಕೊಂಡು ಓಡಾಡಿದೆ."

ಅತ್ತೆಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. ಸೊಸೆ ಕಣ್ಣಿಗೆ ಫೋಕಸ್ ಇಟ್ಟು ಒತ್ತಿದಳು.

ಡಾಕ್ಟರಮ್ಮ ಎದ್ದುಬಂದು ಕ್ಯಾಮೆರಾದ ಪರದೆಯ ಮೇಲೆ ಪೆನ್ನಿನ ತುದಿಯಿಂದ ಗೆರೆ ತೋರಿಸಿದರು. ಅತ್ತೆ ಕನ್ನಡಕ ಏರಿಸಿ, ಅಲ್ಲಿಂದಲ್ಲ, ಇನ್ನೂ ಸ್ವಲ್ಪ ಕೆಳಗಿನಿಂದ ಶುರುಮಾಡಿದರೆ ಹೇಗೆ ಎಂದು ಕೇಳಿದರು. ಎರಡು ತಲೆಗಳೂ ಪರದೆಯ ಮೇಲೆ ಬಾಗಿ ಮಾತಿಗೆ ಬಿದ್ದವು. ಕ್ಯಾಮೆರಾ ಹಿಡಿದು ನಿಂತಿದ್ದ ಸೊಸೆಗೆ, ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದಂದಿನಿಂದ ಮೊದಲ ಸಲ, ಭಯವಾಗಲಿಲ್ಲ.