ಹಲಗಿಯ ಮಾಲಕ

ಗೋಕಾಕದಲ್ಲಿ ಎರಡು ದಿನ ತರಬೇತಿ ಕೊಟ್ಟುಹೋದ ಆ ಟೈ ಕಟ್ಟಿದ ಮನುಷ್ಯನ ಮೇಲೆ ನನಗಿನ್ನೂ ಸಿಟ್ಟಿದೆ. "ನೌಕರಿ ಬೇಡುವುದನ್ನು ಬಿಡಿ. ನೀವೇ ಒಂದು ಕಂಪನಿ, ನೀವೇ ಅದರ ಮಾಲಕರು. ನಿಮ್ಮ ಬಂಡವಾಳ ಏನೆಂದು ಮೊದಲು ನೋಡಿಕೊಳ್ಳಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯಬೇಡಿ," ಅಂದನಂತೆ. ಮೂಡಲಗಿಯ ಕಚೇರಿಯೊಂದರಲ್ಲಿ ಗುತ್ತಿಗೆ ಕೆಲಸ ಕಳೆದುಕೊಂಡಿದ್ದ ನನ್ನ ತಮ್ಮ ಸಾಗರ ಅದನ್ನು ಕೇಳಿ, ನಮ್ಮೂರು ಕುಲಗೋಡಕ್ಕೆ ಬಂದವನೇ ಅಟ್ಟ ಹತ್ತಿ ಅಜ್ಜನ ಹಲಗಿ ಇಳಿಸಿದ.

ನಮ್ಮಜ್ಜ ಸತ್ತೆಪ್ಪ ಊರಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಲಗಿ ಬಾರಿಸುತ್ತ ಬರಿಗಾಲಲ್ಲಿ ನಡೆಯಬೇಕಿತ್ತು. ಕೂಲಿ ಇಲ್ಲ. ದೊಡ್ಡ ಮನೆಗಳವರು ಮನಸ್ಸು ಬಂದಷ್ಟು ಜೋಳ ಸುರಿಯುತ್ತಿದ್ದರು, ಅದಕ್ಕೆ ಆಯ ಎನ್ನುತ್ತಿದ್ದರು. ಒಲ್ಲೆ ಅನ್ನುವಂತಿರಲಿಲ್ಲ. ನಮ್ಮ ಓಣಿ ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಅಜ್ಜ ಹಲಗಿಯನ್ನು ಅಟ್ಟಕ್ಕೆಸೆದ. ನಮ್ಮಪ್ಪ ಸಿದ್ರಾಮ ಓದಿ ಮಾಸ್ತರನಾದ. ಆದರೆ ಅಜ್ಜನ ಬೆರಳು ಸುಮ್ಮನಿರಬೇಕಲ್ಲ! ಮುಪ್ಪಿನಲ್ಲಿ ಉಣ್ಣುವ ತಾಟಿನ ಮೇಲೆ ಬಾರಿಸುತ್ತಿದ್ದ. ಎದುರಿಗೆ ಕೂತ ಸಾಗರ ಕಲಿತುಬಿಟ್ಟ.

"ನಿಮ್ಮಜ್ಜ ಕೊರಳಿಂದ ತಗದು ಒಗದದ್ದನ್ನ ನೀ ಮತ್ತ ಹಾಕ್ಕೋತಿ ಏನೋ?" ಎಂದು ಅಪ್ಪ ಕೇಳಿದ.

"ಅಂವ ಮಾಡಿದ್ದು ಬಿಟ್ಟಿ ಚಾಕರಿ ಅಪ್ಪಾ, ಇದು ಧಂದೆ. ದರ ಹೇಳಾಂವ ನಾ. ಮದವಿಗಷ್ಟ ಹೋಗ್ತೇನಿ, ಮಣ್ಣಿಗೆ ಹೋಗಂಗಿಲ್ಲ," ಅಂದ ಸಾಗರ. ಮಣ್ಣು ಅಂದರೆ ನಮ್ಮ ಕಡೆ ಹೆಣ ಹೂಳುವುದು. ಅಪ್ಪ ಅವನ ಜೊತೆ ಮಾತು ಬಿಟ್ಟ.

ಸಾಗರ ಗೆಳೆಯರನ್ನು ಕೂಡಿಸಿ ಮೇಳ ಕಟ್ಟಿದ, ಎಲ್ಲರಿಗೂ ನೀಲಿ ಅಂಗಿ, ಬಿಳಿ ಬೂಟು. ನಾನು ಹುಕ್ಕೇರಿಯಲ್ಲಿ ನರ್ಸು. ಒಂದು ದಿನ ಆಸ್ಪತ್ರೆಯ ಮುಂದೆಯೇ ಅವನ ಮೆರವಣಿಗೆ ಬಂತು. ಸಲಾಯಿನ್ ಹಚ್ಚಿಕೊಂಡ ಮುದುಕರೂ ಕಿಟಕಿಗೆ ಬಂದರು. ನನಗೆ ಹೆಮ್ಮೆಯಿಂದ ಅಳುವೇ ಬಂತು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಕಾಲಾಗ ಏನಿತ್ತು?" ಅಂದ.

"ಬೂಟ್ ಅಪ್ಪಾ."

"ಹೂಂ," ಅಂದ. ಆ ವಾರವೇ ಸಾಗರನನ್ನು ತನ್ನ ಜೊತೆ ಊಟಕ್ಕೆ ಕರೆದನಂತೆ.

ಅಪ್ಪ ಮಗ ಮತ್ತೆ ಜೊತೆಗೆ ಉಣ್ಣುವುದನ್ನು ಕಣ್ಣಾರೆ ನೋಡೋಣವೆಂದು ರಜೆ ಹಾಕಿ ಊರಿಗೆ ಹೋದೆ. ಮರುದಿನವೇ ದೊಡ್ಡ ಮನೆಯ ಯಜಮಾನರು ತೀರಿಕೊಂಡರು. ಅವರ ಮಗ ಸೋಮಶೇಖರ ನಮ್ಮ ಬಾಗಿಲಿಗೇ ಬಂದ. ಕೆಟ್ಟವನೇನಲ್ಲ. ಅದೇ ತೊಂದರೆ.

"ಮಣ್ಣಿಗೆ ನಾವು ಹೋಗಂಗಿಲ್ರಿ," ಅಂದ ಸಾಗರ.

"ಧಂದೆ ಮಾಡಾಂವ ಗಿರಾಕಿ ಆರಿಸ್ತಾನೇನೋ? ದರ ನೀನ ಹೇಳು, ಕೊಡ್ತೇನಿ. ಒಲ್ಯಾ ಅಂದ್ರ ನಮ್ಮ ಬೀಗರ ಮದವಿ ಒಂದೂ ನಿನಗ ಸಿಗಂಗಿಲ್ಲ ಮತ್ತ."

ಆ ಹಂಗಾಮಿನಲ್ಲಿ ಸಾಗರನಿಗೆ ಸಿಕ್ಕಿದ್ದ ಮದುವೆಗಳೆಲ್ಲ ಅವರ ಬೀಗರವೇ ಆಗಿದ್ದವು. ಸಾಗರ ನನ್ನ ಮುಖ ನೋಡಿದ.

"ಹೋಗಬ್ಯಾಡೋ," ಅಂದೆ.

"ಒಂದ ಸಲ ಅಕ್ಕಾ. ಗಿರಾಕಿ ಅಲ್ಲೇನು?"

ಒಳಗೆ ಪೇಪರ್ ಓದುತ್ತಿದ್ದ ಅಪ್ಪ ಪುಟ ತಿರುಗಿಸಲಿಲ್ಲ.

ಮನಸ್ಸು ತಡೆಯದೆ ನಾನೂ ಹಿಂದೆ ಹೋಗಿ ಹೆಂಗಸರ ನಡುವೆ ನಿಂತೆ. ಹೆಣ ಎತ್ತುವ ಹೊತ್ತಿಗೆ ಯಾರೋ ಹಿರಿಯರು, ಸಿಟ್ಟಿಲ್ಲದೆಯೇ, "ಹೆಣದ ಮುಂದ ಬೂಟ್ ಏನೋ? ಬಿಚ್ಚು," ಅಂದರು. ಸಾಗರ ಸುತ್ತ ನೋಡಿದ. ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು. ಬಗ್ಗಿ ಲೇಸು ಬಿಚ್ಚಿದ. ಅವನ ಗೆಳೆಯರೂ ಬಿಚ್ಚಿದರು.

ಮಣ್ಣು ಮುಗಿದು ಎಲ್ಲರೂ ದೊಡ್ಡ ಮನೆಗೆ ಮರಳಿದ ಮೇಲೆ ಸೋಮಶೇಖರ ಹೇಳಿದ ದರ ಹೇಳಿದಂತೆ ಕೊಟ್ಟ. ಅಲ್ಲಿಗೆ ಧಂದೆ ಮುಗಿಯಬೇಕಿತ್ತು. ಅಷ್ಟರಲ್ಲಿ ತೀರಿಕೊಂಡವರ ಅಕ್ಕ ಭರಮವ್ವ ಮೊರದ ತುಂಬ ಜೋಳ ಹೊತ್ತು ಅಂಗಳಕ್ಕೆ ಬಂದಳು.

"ಸತ್ತೆಪ್ಪನ ಮೊಮ್ಮಗಾ ಏನೋ ನೀ? ತಗೋ ಯಪ್ಪಾ, ಆಯ. ನಮ್ಮನಿ ಹಲಗಿ ನಮ್ಮನಿಗೆ ಬಂತು ನೋಡು."

ಮುದುಕಿಯ ಕಣ್ಣಲ್ಲಿ ನೀರಿತ್ತು, ಖರೆ ಪ್ರೀತಿಯಿತ್ತು. ಬೈದಿದ್ದರೆ ಸಾಗರ ಆ ಜೋಳವನ್ನು ಅಲ್ಲೇ ಚೆಲ್ಲಿ ಬರುತ್ತಿದ್ದ. ಅವನು ನೀಲಿ ಅಂಗಿಯ ಅಂಚು ಹಿಡಿದು ಒಡ್ಡಿದ.

ಮನೆಗೆ ಬಂದೆವು. ಹೊಸ್ತಿಲಲ್ಲಿ ನಿಂತಿದ್ದ ಅಪ್ಪ ಜೋಳ ನೋಡಲಿಲ್ಲ, ಹಲಗಿ ನೋಡಲಿಲ್ಲ.

"ಬೂಟ್ ಎಲ್ಲಿ ಬಿಟ್ಟಿ?" ಅಂದ.

ಸಾಗರ ಕೆಳಗೆ ನೋಡಿಕೊಂಡ. ಬರಿಗಾಲಲ್ಲೇ ಬಂದಿದ್ದೇನೆಂದು ಅವನಿಗೆ ಗೊತ್ತಾದದ್ದೇ ಆಗ.

ಅವನ ಕಿಸೆಯಲ್ಲಿ ಫೋನ್ ಬಡಿದುಕೊಂಡಿತು. ಎರಡೂ ಕೈ ಜೋಳ ತುಂಬಿದ ಅಂಗಿ ಹಿಡಿದಿದ್ದರಿಂದ ನಾನೇ ತೆಗೆದು ಅವನ ಕಿವಿಗೆ ಹಿಡಿದೆ. ಕೌಜಲಗಿಯಿಂದ ಯಾರೋ ಗಟ್ಟಿಯಾಗಿ ಮಾತಾಡುತ್ತಿದ್ದರು, ಅಪ್ಪನಿಗೂ ಕೇಳಿಸಿತು. "ಮಣ್ಣಿಗೂ ಬರಾಕತ್ತೀಯಂತ ಹೇಳಿದ್ರು. ನಾಳಿ ಮುಂಜಾನೆ ನಮ್ಮಲ್ಲಿ ಮಣ್ಣು ಐತಿ, ಲಗೂನ ಬಾ."

ಅವರು ದರ ಎಷ್ಟೆಂದು ಕೇಳಲೇ ಇಲ್ಲ.