ಹೊರಮೈಯ ಗುರುತು

"ಗ್ಯಾಸ್ ಆಫ್ ಆಗಿದೆ, ನಾನೇ ನೋಡಿದೀನಿ. ಇವತ್ತೇನು ಇಷ್ಟೊಂದು ಒದ್ದಾಟ?" ಎಂದರು ಅತ್ತೆ, ನಾನು ಮತ್ತೆ ಒಲೆಯತ್ತ ತಿರುಗಿದ್ದು ಕಂಡು.

"ಲ್ಯಾಬಲ್ಲಿ ಉಳಿದಿರೋದು ಕೋಶಗಳ ಕೊನೇ ಟ್ಯೂಬು ಅತ್ತೆ. ಆ ರೋಗಿಯ ಗಡ್ಡೆ ಪೂರ್ತಿ ತೆಗೆದಾಯ್ತಲ್ಲ, ಇನ್ನು ಸಿಗಲ್ಲ."

"ಗಡ್ಡೆ ಹೋಯ್ತು ಅಂತ ಅಳೋಳನ್ನ ನಿನ್ನೊಬ್ಬಳನ್ನೇ ನೋಡಿದ್ದು. ಹೋಗಿ ಬಾ."

ಸಹಾಯಕ ಟಿ ಕೋಶಗಳು ಇತರ ರಕ್ಷಕ ಕೋಶಗಳನ್ನು ಹುರಿದುಂಬಿಸುತ್ತವೆ. ಅವುಗಳಲ್ಲಿ ಕೆಲವು ತಾವೇ ಕೊಲ್ಲುವುದೂ ಉಂಟು. ಯಾವುವು ಎಂದು ತಿಳಿಯುವುದೇ ಕಷ್ಟ. ಕೊಲ್ಲುವ ಪ್ರೋಟೀನು ಒಳಗಿರುತ್ತದೆ. ಅದಕ್ಕೆ ಬಣ್ಣ ತಾಗಿಸಲು ಪೊರೆಗೆ ತೂತು ಮಾಡಿದರೆ ಕೋಶ ಸಾಯುತ್ತದೆ. ಹೊರಮೈಯ ಒಂದು ಗುರುತಿನಿಂದಲೇ ಅವನ್ನು ಜೀವಂತ ಹೆಕ್ಕಬಹುದು ಎಂಬುದು ನನ್ನ ವಾದ.

ಲ್ಯಾಬಿನಲ್ಲಿ ನನ್ನ ಗೈಡ್ ಮೇಡಂ ತೂತು ಮಾಡುವ ದ್ರಾವಣದ ಬಾಟಲಿಯನ್ನು ಆಗಲೇ ನನ್ನ ಮೇಜಿನ ಮೇಲಿಟ್ಟಿದ್ದರು.

"ಸುಮ್ನೆ ಇದನ್ನ ಹಾಕಿ ಎಣಿಸಮ್ಮ. ಉತ್ತರ ಗ್ಯಾರಂಟಿ."

"ಸತ್ತ ಕೋಶ ಕೊಲ್ಲುತ್ತೆ ಅಂತ ಹೇಗೆ ತೋರಿಸ್ಲಿ ಮೇಡಂ?"

"ಪೆನ್ನಿಗೂ ಜೊತೆಗೊಂದು ಪೆನ್ನು ಇಟ್ಕೊಳ್ಳೋಳು ನೀನು. ನಿನಗ್ಯಾವಾಗ ಬಂತು ಈ ಧೈರ್ಯ?" ನಕ್ಕು, ತಕ್ಷಣ ಗಂಭೀರರಾದರು. "ಮಾಮೂಲಿ ಕೊಲ್ಲೋ ಕೋಶ ಒಂದು ನಿನ್ನ ಸಹಾಯಕ ಕೋಶದ ಬೆನ್ನಿಗೆ ಅಂಟ್ಕೊಂಡು ಬಂದಿದ್ರೆ? ಕೊಂದಿದ್ದು ಯಾರು ಅಂತೀಯ?"

ಆ ಭಯ ನನಗೂ ಇತ್ತು. ಅದಕ್ಕೇ ಸಿದ್ಧಳಾಗಿ ಬಂದಿದ್ದೆ. ಕೋಶಗಳನ್ನು ಬೇರ್ಪಡಿಸುವ ಯಂತ್ರವನ್ನು ನಿಧಾನವಾಗಿ ಓಡಿಸಿದೆ. ಜೋಡಿಯಾಗಿ ಬಂದದ್ದನ್ನೆಲ್ಲ ಚೆಲ್ಲಿದೆ. ಮಾಮೂಲಿ ಕೊಲೆಗಾರರ ಗುರುತಿಗೂ ಬಣ್ಣ ಹಚ್ಚಿದ್ದೆ. ಆ ಬಣ್ಣ ಮಿಂಚಿದ್ದೂ ಹೊರಗೆ. ಉಳಿದ ಸಹಾಯಕ ಕೋಶಗಳಲ್ಲಿ ನನ್ನ ಗುರುತು ಇದ್ದವನ್ನು ಪ್ಲಾಸ್ಟಿಕ್ ತಟ್ಟೆಯ ಒಂದು ಗುಳಿಯೊಳಕ್ಕೆ, ಇಲ್ಲದವನ್ನು ಇನ್ನೊಂದಕ್ಕೆ ಹಾಕಿದೆ. ಎರಡರಲ್ಲೂ ಅದೇ ರೋಗಿಯ ಕ್ಯಾನ್ಸರ್ ಕೋಶಗಳು, ಹಸಿರು ಬಣ್ಣ ತುಂಬಿಕೊಂಡು ಕಾದಿದ್ದವು. ಸತ್ತರೆ ಹಸಿರು ಸೋರಿಹೋಗಬೇಕು.

ಸಂಜೆಯವರೆಗೂ ಬಾಟಲಿ ನನ್ನ ಮೇಜಿನ ಮೇಲೇ ಇತ್ತು. ಮಧ್ಯಾಹ್ನ ಊಟಕ್ಕೆ ಹೋಗುವಾಗ ಮಾತ್ರ ಅದನ್ನು ಗುಳಿಗಳಿಂದ ದೂರ ಸರಿಸಿ ಹೋದೆ.

ಸಂಜೆ ಸೂಕ್ಷ್ಮದರ್ಶಕದಲ್ಲಿ ಗುರುತಿಲ್ಲದ ಗುಳಿಯನ್ನೇ ಮೊದಲು ನೋಡಿದೆ. ಹಸಿರು ಹಾಗೇ ಹೊಳೆಯುತ್ತಿತ್ತು. ಮತ್ತೊಂದನ್ನು ಮಸೂರದ ಕೆಳಗೆ ಸರಿಸಿದೆ. ಕತ್ತಲು. ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ, ಅಷ್ಟೇ.

ಮೇಡಂ ನನ್ನನ್ನು ಪಕ್ಕಕ್ಕೆ ತಳ್ಳಿ ತಾವೇ ಕೂತರು. ಎರಡು ಗುಳಿಗಳನ್ನೂ ಅದಲುಬದಲು ಮಾಡಿ ನೋಡಿದರು.

"ದೀಪ ಸರಿ ಇದೆ ತಾನೆ?"

"ಇದೆ. ಅದೇ ದೀಪದಲ್ಲಿ ಇನ್ನೊಂದು ಗುಳಿ ಹೊಳೀತಿದೆಯಲ್ಲ ಮೇಡಂ."

"ನಮ್ಮ ಕೋಶಗಳು?"

ಮಾಮೂಲಿ ಬೆಳಕು ಹಾಕಿ ತೋರಿಸಿದೆ. ಪುಟ್ಟ ಉರುಟು ಕೋಶಗಳು ತೆವಳುತ್ತಿದ್ದವು. "ಬದುಕಿವೆ. ನಾಳೆ ಹೊಸ ಕ್ಯಾನ್ಸರ್ ಕೋಶ ಕೊಡ್ತೀನಿ, ಇವೇ ಮತ್ತೆ ಕೊಲ್ಲಲಿ."

ಮೇಡಂ ಎದ್ದು ಬಾಟಲಿಯನ್ನು ಫ್ರಿಜ್ಜಿಗೆ ವಾಪಸ್ ಇಟ್ಟರು.

"ಬಾಗಿಲು ಸರಿಯಾಗಿ ಮುಚ್ಚಿದೀನಾ ಅಂತ ನೀನು ಹೇಗೂ ನೋಡ್ತೀಯ," ಎಂದರು.

ನೋಡಿದೆ. ಮುಚ್ಚಿತ್ತು.